ಈರೇಶನ ರಕ್ತದ ಸುದ್ದಿ

ಬಾಣಸವಾಡಿ
ಜುಲೈ 2004

ಮಗಳಂಥ ರೇವತಿಗೆ,

ತವರಿಗೆ ಹೋದ ಬಸುರಿಗೆ ಗಂಡನ ಸೋದರಮಾವ ಬರೆಯುವ ಪತ್ರವಲ್ಲ ಇದು. ಫೋನಿನಲ್ಲಿ ಹೇಳೋಣವೆಂದು ಬೂತಿನವರೆಗೆ ಹೋಗಿ ಹಾಗೇ ಮರಳಿ ಬಂದೆ. ಆದರೆ ನಿನ್ನ ಅತ್ತೆ ಸುಭದ್ರಕ್ಕ ಮೊನ್ನೆ ಹೇಳಿದ್ದನ್ನು ನಂಬಿ ನೀನು ನಿಶ್ಚಿಂತೆಯಿಂದ ಇರಬಾರದು.

ಇಂದಿರಾನಗರದ ಕಟ್ಟಡದಲ್ಲಿ ಸೆಂಟ್ರಿಂಗ್ ಹಲಗೆ ಹೊತ್ತಿದ್ದ ಈರೇಶ ತಲೆ ಹಿಡಿದು ಕುಸಿದದ್ದು, ಮೆದುಳಿನಲ್ಲಿ ರಕ್ತಸ್ರಾವ ಆದದ್ದು ನಿನಗೆ ಗೊತ್ತು. ಇನ್ನೂ ಕಣ್ಣು ತೆರೆದಿಲ್ಲ. ಆಸ್ಪತ್ರೆಯಲ್ಲಿ ಹೊಸದೊಂದು ರಕ್ತಪರೀಕ್ಷೆ ಮಾಡಿ ನೋಡುತ್ತಿದ್ದಾರೆ. ಮೊದಲನೆಯದು ಬಂದಾಗ ನರ್ಸ್ "ತುಂಬಾ ಜಾಸ್ತಿ ಇದೆ" ಅಂದಳು. ಅಕ್ಕನಿಗೆ ಅಷ್ಟೇ ಸಾಕಾಯಿತು. ರಕ್ತ ಕಡಿಮೆ ಎಂದು ಡಾಕ್ಟರರಿಂದ ಬೈಸಿಕೊಂಡೇ ಬೆಳೆದವರು ನಾವು. ಅಕ್ಕಿ ತೀರಿದರೂ ಕಮ್ಮಿ ಅನ್ನಬಾರದೆಂದು "ತುಂಬೇದ" ಅನ್ನುವ ಮನೆಯವರು. ವಾರ್ಡಿಗೆಲ್ಲ ಸಕ್ಕರೆ ಹಂಚಿ ನಿನಗೆ ಫೋನು ಮಾಡಿದಳು.

ಆಮೇಲೆ ಡಾಕ್ಟರಮ್ಮ ಬಿಲ್ಕೀಸ್ ನನ್ನನ್ನು ಪಕ್ಕಕ್ಕೆ ಕರೆದರು. "ಯಜಮಾನ್ರೇ, ಇದು ಮೈಯಲ್ಲಿ ರಕ್ತ ಎಷ್ಟಿದೆ ಅನ್ನೋದಲ್ಲ. ಮೆದುಳಿಗೆ ಪೆಟ್ಟಾದ್ರೆ ಅಲ್ಲಿಂದ ಒಂದು ಪ್ರೋಟೀನ್ ರಕ್ತಕ್ಕೆ ಸೋರತ್ತೆ. ಅದು ಜಾಸ್ತಿ ಇದ್ರೆ ಪೆಟ್ಟೂ ಜಾಸ್ತಿ. ಇಳೀತಾ ಬರ್ಬೇಕು." ಅವರ ಅಂಗೈಯಲ್ಲೂ ಅಕ್ಕ ಕೊಟ್ಟ ಸಕ್ಕರೆ ಇತ್ತು.

ಅಕ್ಕನಿಗೆ ಇದನ್ನು ನಾನು ತಿಳಿಸಿರಲಿಲ್ಲ. ಇವತ್ತು ಎರಡನೆಯದು ಬಂತು. "ಇಳಿದಿದೆ" ಎಂದು ನರ್ಸ್ ಅಂದದ್ದೇ ತಡ, ಅಕ್ಕ "ನನ್ ಮಗನ ರಕ್ತ ಹೋತಲ್ಲೋ ಅಮರಾ" ಎಂದು ಎದೆ ಬಡಿದುಕೊಂಡಳು. ಎಲ್ಲ ಬಿಡಿಸಿ ಹೇಳಲೇಬೇಕಾಯಿತು. ಪಕ್ಕದ ಹಾಸಿಗೆಯಲ್ಲಿರುವ ತಮ್ಮನನ್ನು ನೋಡಿಕೊಳ್ಳುತ್ತಿರುವ ಶಿವಾಜಿನಗರದ ಮುನಾವರ್, "ಕ್ಯಾ ಅಮ್ಮಾ ನೀವು! ಅಳೋ ದಿನ ಸಕ್ಕರೆ ಕೊಟ್ರಿ, ಸಕ್ಕರೆ ಕೊಡೋ ದಿನ ಅಳ್ತೀರಾ?" ಅಂದ. ಅಕ್ಕ ಅಳುತ್ತಲೇ ನಕ್ಕಳು.

ನನಗೆ ನಗು ಬರಲಿಲ್ಲ ತಾಯಿ. "ಇದು ಸೂಚನೆ ಅಷ್ಟೇ, ಮಾತು ಕೊಡೋಕಾಗಲ್ಲ" ಎಂದಿದ್ದಾರೆ ಡಾಕ್ಟರಮ್ಮ. ಕಣ್ಣು ತೆರೆದರೂ ಬಲಗೈ ಏಳುತ್ತದೋ ಇಲ್ಲವೋ, ನಿನ್ನ ಗುರುತು ಹಿಡಿಯುತ್ತಾನೋ ಇಲ್ಲವೋ, ಯಾವ ಪರೀಕ್ಷೆಯೂ ಹೇಳಿಲ್ಲ. ನಾಳೆ ಮತ್ತೆ ರಕ್ತ ತೆಗೆಯುತ್ತಾರೆ. "ಕಮ್ಮಿ ಬರಲೆಪ್ಪಾ" ಎಂದು ಅಕ್ಕ ಈಗಲೇ ಕೈಮುಗಿದು ಕೂತಿದ್ದಾಳೆ. ದೇವರ ಹತ್ತಿರ ಯಾವತ್ತೂ ಕಮ್ಮಿ ಕೇಳಿದವಳಲ್ಲ.

ಈ ಪತ್ರ ನಿನ್ನ ಕೈ ಸೇರುವ ಮೊದಲೇ ಅದೂ ಗೊತ್ತಾಗಿರುತ್ತದೆ. ಹೇಗೇ ಬರಲಿ, ಈ ಸಲ ನಾನೇ ಫೋನು ಮಾಡುತ್ತೇನೆ. ಹೊಟ್ಟೆ ತುಂಬ ಉಣ್ಣು. ಬಸ್ಸು ಹತ್ತಬೇಡ.

ಆಯುಷ್ಯ ಹೆಚ್ಚಲಿ, ಭಾಗ್ಯ ಹೆಚ್ಚಲಿ ಎಂದೇ ಇದುವರೆಗೆ ಎಲ್ಲ ಪತ್ರಗಳನ್ನೂ ಮುಗಿಸಿದ್ದೇನೆ. ಇವತ್ತು ಕೈ ತಡೆಯುತ್ತಿದೆ, ಆದರೂ ಬರೆಯುತ್ತೇನೆ: ಇಳಿಯಲಿ ಮಗಳೇ, ಇಳಿಯಲಿ. ನೀನೂ ಹಾಗೇ ಬೇಡಿಕೋ.

ನಿನ್ನ ಮಾವ,
ಅಮರಪ್ಪ