ಸುಮ್ಮಸುಮ್ಮನೆ ನಿಂತ ಪ್ರೆಸ್ಸು

ಮಾರ್ಚ್ 4, ಸೋಮವಾರ

ಇವತ್ತೂ ಅದೇ ಕೆಲಸ. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್‌ಗಳು ಯಾವಾಗ ಕೈಕೊಡುತ್ತವೆ ಎಂದು ಮೊದಲೇ ಅಂದಾಜು ಮಾಡುವ ಮಾಡೆಲ್. ಲೆಕ್ಕ ಕಷ್ಟವಲ್ಲ. ಯಾವ ಡೇಟಾ ನಂಬುವುದು ಎಂಬುದೇ ತಲೆನೋವು. ತಯಾರಕರ ಕೈಪಿಡಿ ಕೇಳಿದರೆ ಸೇಫ್ಟಿ ಸೆನ್ಸರ್ ಕೆಡುವುದೇ ಇಲ್ಲ! ರಿಪೇರಿ ವಿಭಾಗದ ದಾಖಲೆಯಲ್ಲಿ ಬಿಚ್ಚಿ ಜೋಡಿಸಿದ್ದು ಮಾತ್ರ. ಇನ್ನುಳಿದದ್ದು ಪ್ರೆಸ್‌ನ ಕಂಟ್ರೋಲರ್ ತಾನೇ ತುಂಬಿಟ್ಟುಕೊಂಡ ಅಲಾರಂಗಳು. ಮ್ಯಾನೇಜರ್ ಮೂಗು ಮುರಿದರು. “ಅದೆಲ್ಲ ಕಸ. ರೀಸೆಟ್ ಒತ್ತಿದ್ರೆ ಹೋಗುತ್ತೆ. ಬಿಟ್ಬಿಡಿ.”

ಸಂಜೆ ಅಕ್ಕನ ಮನೆ. ಭಾವ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕುವುದನ್ನು ಇನ್ನೂ ಕಲಿಯುತ್ತಿದ್ದಾರೆ. ಇದೇ ಕಾರ್ಖಾನೆಯ ಪ್ರೆಸ್ಸು ಹೋದ ವರ್ಷ ಅವರ ಬಲಗೈ ತೆಗೆದುಕೊಂಡಿತು. ಸಹಾಯಕ್ಕೆ ಹೋಗಲಿಲ್ಲ. ಹೋದರೆ ರೇಗುತ್ತಾರೆ.

ಮಾರ್ಚ್ 6

ಆ ‘ಕಸ’ ಕೆದಕಿ ನೋಡಿದೆ. ಕೈ ಒಳಗೆ ಬಂದರೆ ಪ್ರೆಸ್ ನಿಲ್ಲಿಸಬೇಕಾದ ಸೆನ್ಸರ್, ಕೈ ಇಲ್ಲದಾಗಲೂ ನಿಲ್ಲಿಸಿದೆ. ದಿನವೂ, ಪದೇ ಪದೇ. ಆಮೇಲೆ ಇದ್ದಕ್ಕಿದ್ದಂತೆ ಒಂದೂ ಅಲಾರಂ ಇಲ್ಲ. ರಿಪೇರಿಯೂ ಆಗಿಲ್ಲ. ನಾಲ್ಕೂ ಪ್ರೆಸ್‌ಗಳಲ್ಲಿ ಹೀಗೇ. ಭಾವನ ಪ್ರೆಸ್‌ನಲ್ಲಿ, ಅಪಘಾತಕ್ಕೆ ಸ್ವಲ್ಪ ಮೊದಲು.

ಭಾವನನ್ನು ಕೇಳಬೇಕು.

ಮಾರ್ಚ್ 9

ಅಕ್ಕ ಅಂಗಡಿಗೆ ಹೋಗಿದ್ದಾಗ ಭಾವನನ್ನೇ ಕೇಳಿದೆ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

“ನಾನೇ ಮಾಡಿದ್ದು ಪುಟ್ಟಿ. ವೈರ್ ಹಾಕಿ ಸೆನ್ಸರ್ ಬೈಪಾಸ್ ಮಾಡ್ದೆ, ಕೈ ಕಂಡ್ರೂ ನಿಲ್ದಂಗೆ. ಸುಮ್ಸುಮ್ನೆ ನಿಲ್ತಿತ್ತು. ನಿಂತಾಗೆಲ್ಲ ಸೂಪರ್‌ವೈಸರ್ ಹತ್ರ ಬೈಗುಳ.”

“ಅಕ್ಕನಿಗೆ ಗೊತ್ತಾ?”

“ಇಲ್ಲ. ಮಷೀನೇ ಕೆಟ್ಟಿತ್ತು ಅಂದ್ಕೊಂಡಿದಾಳೆ. ಅಷ್ಟಾದ್ರೂ ಇರ್ಲಿ ಅಂತ…”

ಆ ಡೇಟಾ ಸೇರಿಸಿದರೆ ಅಲಾರಂ ಯಾಕೆ ನಿಂತಿತೆಂದು ಬರೆಯಬೇಕು. ಬರೆದರೆ ಭಾವನ ವಿಷಯ ಹೊರಬೀಳುತ್ತದೆ. “ಬಿಟ್ಬಿಡ್ತೀನಿ ಭಾವ” ಎಂದೆ.

ಮೋಟು ತೋಳನ್ನು ಎತ್ತಿ ಮೇಜಿನ ಮೇಲಿಟ್ಟರು. “ನಂದನ್ನ ಅವತ್ತೇ ನಿಲ್ಸಿದ್ರು. ಮಿಕ್ಕ ಮೂರು ಪ್ರೆಸ್‌ಗಳಲ್ಲಿ ಇವತ್ತೂ ಯಾರ್ಯಾರದೋ ಕೈ ಹೋಗ್ತಾ ಬರ್ತಾ ಇದೆ. ಬರಿ. ನಿಮ್ಮಕ್ಕಂಗೆ ನಾನೇ ಹೇಳ್ತೀನಿ.”

ಮಾರ್ಚ್ 11

ನನ್ನ ವರದಿ ಓದಿ ಮ್ಯಾನೇಜರ್ ಗುಡುಗಿದರು. “ಮನೆಯವ್ರ ವಿಷ್ಯ ಅಂತ ಇದನ್ನ ಎತ್ತಿದೀರಾ?”

“ಮನೆಯವ್ರ ವಿಷ್ಯ ಅಂತಾನೇ ಬಿಡೋಳಿದ್ದೆ ಸಾರ್.”

ವರದಿ ಹಿಡಿದುಕೊಂಡೇ ಎದ್ದರು. ಇಬ್ಬರೂ ಕೆಳಗಿಳಿದೆವು. ಪ್ಯಾನೆಲ್‌ಗಳನ್ನು ತೆಗೆಸಿದರು. ಮೂರರಲ್ಲೂ ವೈರ್. ತಾವೇ ಒಂದೊಂದು ಪ್ರೆಸ್ಸನ್ನೂ ಆಫ್ ಮಾಡಿದರು.

ಮಾರ್ಚ್ 20

ಹೊಸ ಸೆನ್ಸರ್‌ಗಳು ಬಂದವು. ಮಾಡೆಲ್‌ನಲ್ಲಿ ಈಗ ಸುಳ್ಳು ಅಲಾರಂ ಕೂಡ ಸೆನ್ಸರ್ ಕೆಟ್ಟದ್ದರ ಲೆಕ್ಕಕ್ಕೇ ಸೇರುತ್ತದೆ. ಭಾವ ಎಲ್ಲ ಹೇಳಿದ ಮೇಲೆ ಅಕ್ಕ ನನ್ನ ಫೋನ್ ಎತ್ತುತ್ತಿಲ್ಲ. ಭಾವನ ಜೊತೆಗೂ ಮಾತು ಬಿಟ್ಟಿದ್ದಾಳಂತೆ. ಊಟ ಬಡಿಸುತ್ತಾಳೆ, ಅಷ್ಟೇ.

ಮಾರ್ಚ್ 24, ಭಾನುವಾರ

ಬೆಳಗ್ಗೆ ಅಕ್ಕ ಬಂದಳು. ಕೂರಲಿಲ್ಲ. “ಇಷ್ಟು ದಿನ ಆ ಮಷೀನಿಗೆ ಶಾಪ ಹಾಕ್ತಿದ್ದೆ ಕಣೇ. ಇನ್ಮೇಲೆ ಯಾರಿಗೆ ಹಾಕ್ಲಿ?”

ಅತ್ತಳು. ನಾನೂ. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: “ದಿನಕ್ಕೆ ಎಷ್ಟು ಸಲ ನಿಲ್ತಿತ್ತೇ ಅದು?”

ಹೇಳಿದೆ.

“ಅಷ್ಟೂ ಸಲ ಬೈಸ್ಕೊಂಡು ಬರ್ತಿದ್ರಾ ಇವ್ರು? ಮನೇಲಿ ಒಂದ್ ಮಾತೂ ಆಡ್ಲಿಲ್ವಲ್ಲೇ…”

ಹೋಗಿ ಒಳಗೆ ಮಲಗಿದ್ದಳು. ಈಗ ಕರೆಯುತ್ತಿದ್ದಾಳೆ. ಭಾವನಿಗೆ ಫೋನ್ ಮಾಡಿಕೊಡಬೇಕಂತೆ. ಮೊದಲ ಮಾತು ನಾನೇ ಆಡಬೇಕಂತೆ, ಆಮೇಲೆ ತಾನು—