ವಾಲ್ಯೂಮ್ ಕಂಟ್ರೋಲ್ ಕಿತ್ತಿಟ್ಟಿದ್ದೇನೆ

ಮಾವ,

ನೀವು ಏಳುವ ಮುಂಚೆಯೇ ಲ್ಯಾಬಿಗೆ ಹೊರಟೆ. ಮೇಜಿನ ಮೇಲೆ ಹಾಡಿನ ಪೆಟ್ಟಿಗೆಯ ಪ್ರೀಆಂಪ್ ಬಿಚ್ಚಿರುವುದನ್ನು ನೋಡಿ ಗಾಬರಿಯಾಗಬೇಡಿ. ಅವರು ಹಾಕಿದ್ದ ವಾಲ್ಯೂಮ್ ಕಂಟ್ರೋಲನ್ನು ನಾನೇ ಬಿಡಿಸಿದೆ. ಬೆಸುಗೆ ಹಾಕುವ ಕಡ್ಡಿ ಇನ್ನೂ ಬಿಸಿ ಇರಬಹುದು, ಮುಟ್ಟಬೇಡಿ.

"ನನ್ನ ಮಗನ ಕೈಯ ಬೆಸುಗೆ, ಹಾಗೇ ಇರ್ಲಿ ಬಿಡಮ್ಮ" ಅಂದಿದ್ದಿರಿ. ಕೇಳಿದ್ದರೆ ಮತ್ತೆ ಅದನ್ನೇ ಅನ್ನುತ್ತಿದ್ದಿರಿ, ನಾನೂ ಮತ್ತೆ ಸುಮ್ಮನಾಗುತ್ತಿದ್ದೆ. ಆದರೆ ಅವರು ಹೋದಮೇಲೆ ನಾವು ಅದರಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕಿರುಚುತ್ತದೆ, ನೀವು ಆಫ್ ಮಾಡುತ್ತೀರಿ. ವಾಲ್ಯೂಮಿಗೆ ಬೇಕಾದದ್ದು ದನಿಯನ್ನು ನಿಧಾನವಾಗಿ ಏರಿಸುವ ಲಾಗ್. ಅವರು ಹಾಕಿದ್ದು ಶುರುವಿನಲ್ಲೇ ಜೋರಾಗಿಬಿಡುವ ಲೀನಿಯರ್. ಅವಸರದ ಮನುಷ್ಯ, ಡಬ್ಬದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ.

ಅಂಗಡಿಯವರಿಗೆ ಹೇಳಿದಾಗ, "ಯಾರ್ರೀ ಆ ಮಹಾನುಭಾವ?" ಅಂತ ನಕ್ಕರು. "ನಮ್ಮ ಮನೆಯವರು" ಅಂದೆ.

ಎರಡು ಬಗೆಯ ಲಾಗ್ ತಂದಿದ್ದೇನೆ. ಒಂದು ನುಣ್ಣಗೆ ಜಾರುತ್ತದೆ, ಇನ್ನೊಂದು ಟಕ್ ಟಕ್ ಎಂದು ಹಂತಹಂತವಾಗಿ ನಿಲ್ಲುತ್ತದೆ. ನಿಮ್ಮ ಬೆರಳು ನಡುಗುತ್ತದಲ್ಲ, ಎರಡನೆಯದೇ ವಾಸಿ ಅನ್ನಿಸುತ್ತದೆ. ಆದರೂ ತಿರುಗಿಸಿ ನೋಡಿ ನೀವೇ ಆರಿಸಿ. ಆರಿಸಿದ್ದನ್ನು ಪೆಟ್ಟಿಗೆಯ ಪಕ್ಕದಲ್ಲಿಡಿ, ಸಂಜೆ ಬಂದು ನಾನು ಬೆಸೆಯುತ್ತೇನೆ.

ಅಡಿಗೆ ಮುಚ್ಚಿಟ್ಟಿದ್ದೇನೆ. ಮಾತ್ರೆ ತಿಂಡಿ ಆದಮೇಲೆ, ಮೊದಲಲ್ಲ.

ಬೇಕಾದರೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಊಟಕ್ಕೆ ಕೂತಾಗ ನಿಮ್ಮ ತಟ್ಟೆಯ ಸದ್ದು, ನನ್ನ ತಟ್ಟೆಯ ಸದ್ದು, ಇಷ್ಟೇ ಕೇಳಿಸುವುದು ನನಗೆ ಸಾಕಾಗಿದೆ.