ದೊಡ್ಡ ಪಾತ್ರೆಯ ಸಾರು

ಕೌದಳ್ಳಿ
14-5-2003

ಮುದ್ದಿನ ಧನುಶ್ರೀಗೆ ರತ್ನ ಚಿಕ್ಕಮ್ಮನ ಅಕ್ಕರೆಯ ಮಾತುಗಳು.

ನೀನು ಕೊಳ್ಳೇಗಾಲದ ಬಸ್ಸು ಹತ್ತಿ ಇವತ್ತಿಗೆ ನಾಲ್ಕು ದಿನ. ಕಿಟಕಿಯಿಂದ ಕೈ ಬೀಸುವಾಗಲೂ ನಿನ್ನ ಮುಖ ಸಪ್ಪಗಿತ್ತು. "ಇನ್ಮೇಲೆ ಕತೆ ಪುಸ್ತಕ ಮುಟ್ಟಲ್ಲ ಚಿಕ್ಕಮ್ಮ" ಅಂದೆಯಲ್ಲ, ಆ ಮಾತು ನನ್ನನ್ನು ಸುಮ್ಮನಿರಲು ಬಿಟ್ಟಿಲ್ಲ. ಅದಕ್ಕೇ ಈ ಕಾಗದ.

ಎಷ್ಟು ಚೆನ್ನಾಗಿತ್ತು ಈ ಸಲದ ರಜೆ! ನಮ್ಮ ಮಾವ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆ ಹೊತ್ತಿದ್ದರಿಂದ ತಿಂಗಳಿಡೀ ಮನೆಯಲ್ಲಿ ಕೋಳಿ ಕುರಿಯ ಬಾಡು ಇರಲಿಲ್ಲ. ನಮಗೋ ಬಸ್ಸಾರು, ಉಪ್ಸಾರು ಬಿಟ್ಟರೆ ಸೊಪ್ಪು ತರಕಾರಿಯಲ್ಲಿ ಬೇರೇನೂ ಹೊಳೆಯುವುದಿಲ್ಲ. ಆಗ ಬಂದವಳು ನೀನು, ಲೈಬ್ರರಿಯ ಐದು ಕಾದಂಬರಿಗಳನ್ನು ಚೀಲದಲ್ಲಿಟ್ಟುಕೊಂಡು. ಎಲ್ಲವೂ ನಿನ್ನಂಥ ಹದಿನೈದು ಹದಿನಾರರ ಹುಡುಗ ಹುಡುಗಿಯರ ಕತೆಗಳೇ. ಬೆಳಿಗ್ಗೆ ಹುಣಸೆ ಮರದ ಕೆಳಗೆ ಓದು, ಹತ್ತು ಗಂಟೆಗೆ ಒಲೆಯ ಮುಂದೆ ಪ್ರಯೋಗ. ಎಳೆ ಹಲಸಿನಕಾಯಿಗೆ ಬಾಡಿನ ಮಸಾಲೆ ಅರೆದು ಹಾಕಿದ ದಿನ ನಿನ್ನ ಚಿಕ್ಕಪ್ಪ ಮೂರು ಮುದ್ದೆ ಉಂಡರು. ನಿನ್ನ ಹಾಗಲಕಾಯಿ ಪಲ್ಯವನ್ನು ಮಾತ್ರ ನಾಯಿಯೂ ಮೂಸಿ ಹೋಯಿತು, ಕೋಪಿಸಿಕೊಳ್ಳಬೇಡ.

ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ ಹಿಡಿದು ನಿಂತ ನಿನ್ನನ್ನು ನೋಡಿ ನಮ್ಮತ್ತೆ, "ಉಪ್ಪು ಎಷ್ಟ್ ಆಕ್ಬೇಕು ಅಂತ ಆ ಬುಕ್ಕಲ್ಲಿ ಬರ್ದಿಲ್ವಾ ಕಣವ್ವ?" ಎಂದು ಛೇಡಿಸುತ್ತಿದ್ದರು. ಮರುಗಳಿಗೆಗೇ, "ಆ ಸೈಕಲ್ ಕಲಿಯೋ ಎಣ್ಣು ಏನಾದ್ಲು ಯೋಳು" ಎಂದು ನಿನ್ನ ಪಕ್ಕಕ್ಕೇ ಬಂದು ಕೂರುತ್ತಿದ್ದರು. ಅಕ್ಷರ ಬಾರದ ಅವರು ಐದು ಕಾದಂಬರಿಗಳಲ್ಲಿ ನಾಲ್ಕನ್ನು ಹೀಗೆ ಕೇಳಿಯೇ ಮುಗಿಸಿದರು.

ಇನ್ನು ಆ ದಿನದ ಮಾತು. ಹರಕೆ ಹೊತ್ತಾಗ ಬಾಡು ಬೇಯಿಸುವ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಹಾಕುವುದು ನಮ್ಮ ಮನೆಯ ಪದ್ಧತಿ. ಹರಕೆ ತೀರುವವರೆಗೆ ಅದನ್ನು ಕೆಳಗಿಳಿಸುವಂತಿಲ್ಲ ಎಂದು ನೀನು ಬಂದ ದಿನವೇ ಹೇಳಿದ್ದೆ. ಮಾವನ ಜೊತೆ ಬೆಟ್ಟಕ್ಕೆ ಹೊರಟ ಒಂಬತ್ತು ಜನಕ್ಕೂ ನಾನೇ ಅಡುಗೆ ಮಾಡುತ್ತೇನೆಂದು ಹಟ ಹಿಡಿದೆ ನೀನು. ಕಾಯಿ ತುರಿಯುತ್ತಾ ನಾನು ದೊಡ್ಡ ಪಾತ್ರೆ ತಾ ಅಂದೆ. ನಿನ್ನ ತಲೆಯೆಲ್ಲ ಕಾದಂಬರಿಯೊಳಗೇ ಇತ್ತು. ಮೂಲೆಯಲ್ಲಿದ್ದ ಹಿತ್ತಾಳೆ ಪಾತ್ರೆಯನ್ನು ಬಿಟ್ಟು, ಅಟ್ಟದಿಂದ ಬಾಡಿನ ಪಾತ್ರೆಯನ್ನೇ ಇಳಿಸಿದೆ. ಸಾರು ಅದರಲ್ಲೇ ಕುದಿಯಿತು.

ಎಲೆ ಹಾಕಿ ಮುದ್ದೆ ಇಟ್ಟಾಗಿತ್ತು. ಬಡಿಸಲು ಬಗ್ಗಿದವಳು ನೀನು ಪಾತ್ರೆಯನ್ನು ನೋಡಿ ಹಾಗೇ ನಿಂತುಬಿಟ್ಟೆ. "ತಾತ, ಉಣ್ಬೇಡಿ. ಬಾಡಿನ ಪಾತ್ರೇಲಿ ಸಾರು ಮಾಡ್ಬುಟ್ಟಿದ್ದೀನಿ" ಅಂದೆ. "ಓದೋ ಐಕ್ಳ ಕೈಗೆ ಒಲೆ ಕೊಟ್ರೆ ಇಂಗೇಯ" ಎಂದು ಪಕ್ಕದ ಮನೆಯ ಮಾದಸ್ವಾಮಿ ಗೊಣಗಿದ. ಮಾವ ಕೇಳಿದ್ದು ಒಂದೇ ಮಾತು: "ಅಡ್ಗೆಮನೇಲಿ ಯಾರಿದ್ರವ್ವ?" "ನಾನೊಬ್ಳೇ ತಾತ" ಅಂದೆ. ಕಾಯಿ ತುರಿಯುತ್ತಾ ನಿನ್ನ ಪಕ್ಕದಲ್ಲೇ ಕೂತಿದ್ದ ನನ್ನ ಹೆಸರನ್ನು ಎತ್ತಲಿಲ್ಲ. ಸಾರನ್ನು ದನದ ಕಲಗಚ್ಚಿಗೆ ಸುರಿದು, ಅಳುತ್ತಲೇ ಹಿತ್ತಾಳೆ ಪಾತ್ರೆಯಲ್ಲಿ ಹೊಸದಾಗಿ ಸಾರು ಮಾಡಿ ಬಡಿಸಿದೆ. ಅವರು ಹೊರಡುವಷ್ಟರಲ್ಲಿ ಬಿಸಿಲೇರಿತ್ತು. ನೀನು ಐದನೆಯ ಕಾದಂಬರಿಯನ್ನು ಅರ್ಧಕ್ಕೇ ಮುಚ್ಚಿ ಚೀಲಕ್ಕೆ ತುರುಕಿದೆ.

ಧನು, ಈಗ ಬರೆಯುವುದನ್ನು ಸಮಾಧಾನವಾಗಿ ಓದು. ಸಾರು ಕುದಿಯುವಾಗಲೇ ನಾನು ಆ ಪಾತ್ರೆಯನ್ನು ಗುರುತಿಸಿದ್ದೆ. ಹೊರಗೆ ಜನ ಕಾಯುತ್ತಿದ್ದರು, ಅತ್ತೆ ಬೈದಾರು ಎಂಬ ಭಯ ಬೇರೆ. ತೊಳೆದ ಪಾತ್ರೆಯಲ್ಲವೇ, ಯಾರಿಗೆ ಗೊತ್ತಾಗುತ್ತದೆ ಎಂದು ತುಟಿ ಹೊಲಿದುಕೊಂಡೆ. ನೀನು ಬಾಯಿ ಬಿಡದಿದ್ದರೆ ಅವರೆಲ್ಲ ಉಂಡು ಹೊರಡುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದೆ. ನಾಚಿಕೆಯಾಗುತ್ತದೆ ಮಗಳೇ. ಪುಸ್ತಕ ಓದಿ ಕೆಟ್ಟೆ ಅಂದುಕೊಂಡಿದ್ದೀಯಲ್ಲ, ಯಾವ ಪುಸ್ತಕವನ್ನೂ ಓದದ ನಾನು ಮಾಡಿದ್ದು ಇದು.

ಮಾವ ನಿನ್ನೆ ಬೆಟ್ಟದಿಂದ ಬಂದರು. ಇವತ್ತು ಬೆಳಿಗ್ಗೆ ಕಾಫಿ ಕೊಟ್ಟು, ಅತ್ತೆ ಮಾವ ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದೆ. ಅಷ್ಟು ಜನರೆದುರು ನೀನು ಹೇಗೆ ಹೇಳಿದೆಯೋ! ಅತ್ತೆ ಬೈಯಲಿಲ್ಲ. "ಮೊದ್ಲು ಆ ಮಗೀಗೆ ಕಾಗ್ದ ಬರಿ. ಇಬ್ರ ತಪ್ಪ ಒಬ್ಳೇ ಒತ್ಕಂಡು ಓಯ್ತು ಅದು" ಅಂದರು. ಮಾವ ಲೋಟ ಕೆಳಗಿಟ್ಟು, "ಬರೋ ವರ್ಸ ಒಲೆ ಮುಂದೆ ಅದೇ ನಿಂತ್ಕಬೇಕು. ಅದು ಬಡ್ಸಿದ್ರೆ ಕಣ್ಮುಚ್ಕಂಡು ಉಣ್ಬೋದು" ಅಂದರು.

ನೀನು ನನ್ನ ಅಕ್ಕನ ಮಗಳೆಂದು ಊರಲ್ಲಿ ಯಾವತ್ತೂ ಹೆಮ್ಮೆಯಿಂದ ಹೇಳಿಕೊಂಡವಳು ನಾನು. ಇವತ್ತಿನ ಹೆಮ್ಮೆಗೆ ನೆಂಟಸ್ತಿಕೆಯೇ ಬೇಕಾಗಿಲ್ಲ.

ನೂರು ಪುಸ್ತಕ ಓದು, ನೂರು ಸಾರು ಕೆಡಿಸು. ಮಾದಪ್ಪ ನಿನ್ನನ್ನು ಹೀಗೇ ಇಟ್ಟಿರಲಿ.

ನಿನ್ನಿಂದ ಕಲಿತ,
ರತ್ನ ಚಿಕ್ಕಮ್ಮ